ಸತ್ತವರ ಒಪ್ಪಿಗೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಠಾಣೆಗೆ ಬಂದ ಹೆಂಗಸು ಕುರ್ಚಿಯಲ್ಲಿ ಕೂರಲೂ ಇಲ್ಲ.

"ನನ್ನ ಗಂಡ ತೀರ್ಕೊಂಡು ವರ್ಷ ಆಯ್ತು. ಹೋದ ವಾರ ಅವರ ಹೆಸರಲ್ಲಿ ಯಾರೋ ಒಪ್ಪಿಗೆ ಕೊಟ್ಟಿದಾರೆ."

"ಯಾವುದಕ್ಕಮ್ಮ? ಆಸ್ತಿಗಾ?" ಎಂದ ಮುಖ್ಯ ಪೇದೆ. ಠಾಣೆಯವರು ಅವನನ್ನು ರೇಡಿಯೊ ಎನ್ನುತ್ತಿದ್ದರು. ಯಾರೂ ಹಚ್ಚದಿದ್ದರೂ ಮಾತಾಡುವವನು.

ಹೆಂಗಸು ಪಕ್ಕದಲ್ಲಿದ್ದ ಮಗಳನ್ನು ತೋರಿಸಿದಳು. ಒಂಬತ್ತು ವರ್ಷದ ಆ ಹುಡುಗಿಗೆ ಮಾತು ಬರುವುದಿಲ್ಲ. ಟ್ಯಾಬ್ ಮೇಲಿನ ಒಂದು ಚಿತ್ರ ಒತ್ತಿದಳು. "ಮನೆಗೆ ಹೋಗೋಣ" ಎಂದಿತು ಟ್ಯಾಬ್.

ಚಿತ್ರ ಒತ್ತಿದರೆ ಮಾತಾಡುವ ಆ ಪ್ರೋಗ್ರಾಂ ಬರೆಯಲು ಶುರುಮಾಡಿದ್ದು ಹುಡುಗಿಯ ಅಪ್ಪ ಮತ್ತು ಇನ್ನೊಬ್ಬ. ಆಮೇಲೆ ಎಲ್ಲೆಲ್ಲಿಯದೋ ನಲವತ್ತು ಜನ ಕೈಜೋಡಿಸಿದರು. ಓಪನ್ ಸೋರ್ಸ್ ಎಂದರೆ ಹಾಗೆಯೇ: ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಆದರೆ ತಿದ್ದಿ ಹಂಚುವವರು ತಮ್ಮದನ್ನೂ ಎಲ್ಲರಿಗೂ ತೆರೆದಿಡಬೇಕು. ಈ ಷರತ್ತೇ ಇದರ ಲೈಸೆನ್ಸ್. ಬರೆದದ್ದರ ಹಕ್ಕು ಬರೆದವರಲ್ಲೇ ಉಳಿಯುವುದರಿಂದ ಷರತ್ತು ಬದಲಿಸಲು ಅಷ್ಟೂ ಜನ ಒಪ್ಪಬೇಕು. ಈಗೊಂದು ಕಂಪನಿ ಅದನ್ನು ಕೊಂಡು, ಷರತ್ತು ಬದಲಿಸಿ ಮುಚ್ಚಿಡಲು ಹೊರಟಿತ್ತು.

"ಹೊಸದನ್ನ ಬಿಚ್ಚಿ ನೋಡೋ ಹಕ್ಕು ನಮಗಿರಲ್ಲ, ಹಳೇದನ್ನ ಸರಿಮಾಡೋರು ಇರಲ್ಲ. ಇದು ನಿಂತ್ರೆ ಇವಳ ಬಾಯೇ ನಿಂತಂಗೆ," ಎಂದು ಹೆಂಗಸು ಇನ್ಸ್‌ಪೆಕ್ಟರ್ ಕಡೆ ತಿರುಗಿದಳು. "ಅವರಿದ್ದಿದ್ರೆ ಸುತರಾಂ ಒಪ್ತಿರಲಿಲ್ಲ. ಅವರ ಮೇಲ್ ನಾನಿನ್ನೂ ಮುಚ್ಚಿಲ್ಲ. ‘ನಿಮ್ಮ ಒಪ್ಪಿಗೆ ದಾಖಲಾಗಿದೆ’ ಅಂತ ಬಂತು. ಹೊಟ್ಟೆ ಉರಿದುಹೋಯ್ತು ಮೇಡಂ."

ಇನ್ಸ್‌ಪೆಕ್ಟರ್ ದೂರು ಬರೆಸಿಕೊಂಡು, ವಂಚನೆ ಮತ್ತು ಗುರುತಿನ ದುರ್ಬಳಕೆಯಡಿ ಎಫ್‌ಐಆರ್ ದಾಖಲಿಸಿದರು.

ಮಧ್ಯಾಹ್ನ ಕಂಪನಿಯ ವಕೀಲರನ್ನು ಕರೆಸಲಾಯಿತು. "ಎಲ್ಲರ ಒಪ್ಪಿಗೆ ತನ್ನಿ ಅಂತ ಪ್ರೋಗ್ರಾಂ ನೋಡ್ಕೊಳ್ಳೋರಿಗೆ ಅಂದಿದ್ವಿ, ತಂದ್ಕೊಟ್ರು. ಒಪ್ಪದವರ ಭಾಗ ತೆಗೆದು ಹೊಸದಾಗಿ ಬರೆದುಕೊಟ್ರೂ ನಡೀತಿತ್ತು. ಸತ್ತವರ ಹಕ್ಕು ಹೆಂಡತಿ ಮಕ್ಕಳಿಗೆ ಹೋಗುತ್ತೆ. ಅದು ನಮಗೆ ಗೊತ್ತಿಲ್ವಾ? ಸತ್ತಿದ್ದೇ ಗೊತ್ತಿರಲಿಲ್ಲ."

ಒಪ್ಪಿಗೆಗಳೆಲ್ಲ ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ನೋಡುವಂತಿದ್ದವು. "ಕಳ್ಳತನಾನೂ ಬಯಲಲ್ಲೇ ಮಾಡಿದಾರಲ್ಲ!" ಎಂದು ರೇಡಿಯೊ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ. ಒಂದೊಂದನ್ನೂ ಸಂಜೆಯವರೆಗೆ ಓದಿದರು. ಓದಿ ಮುಗಿಸಿ, "ಜೀಪ್ ತೆಗಿ," ಎಂದರು.

ಪ್ರೋಗ್ರಾಮಿನ ಉಸ್ತುವಾರಿ ಹೊತ್ತವನು ಅದೇ ಊರಲ್ಲಿ, ಟೈಲರ್ ಅಂಗಡಿಯ ಮೇಲಿನ ಕೋಣೆಯಲ್ಲಿದ್ದ. ಎರಡು ಪರದೆ, ತೊಳೆಯದ ಲೋಟಗಳು, ಮಡಿಸದ ಹಾಸಿಗೆ. ಸತ್ತವನೊಂದಿಗೆ ಏಳು ವರ್ಷ ಸೇರಿ ಬರೆದಿದ್ದರೂ ಎಲ್ಲ ಇಂಟರ್‌ನೆಟ್ಟಿನಲ್ಲೇ ನಡೆದು, ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಅವರು ತೀರಿಕೊಂಡಿದ್ದು ಗೊತ್ತಿರಲಿಲ್ವಾ?"

"ಇಲ್ಲ. ಹುಷಾರಿಲ್ಲ ಅಂತ ಗೊತ್ತಿತ್ತು."

"ಒಪ್ಪಿಗೆ ಕೊಟ್ಟವರನ್ನೆಲ್ಲ ಪ್ರಶ್ನೆ ಕೇಳಿದೀರಿ."

"ಅದು ನಮ್ಮ ಪದ್ಧತಿ. ಆಫೀಸ್ ಕೆಲಸದ ಹೊತ್ತಲ್ಲಿ ಬರೆದ್ರಾ, ಆಫೀಸಿಗೆ ಅದರ ಮೇಲೆ ಹಕ್ಕಿದೆಯಾ, ಮನಸಾರೆ ಒಪ್ತಿದೀರಾ. ಕೇಳದೆ ಒಂದನ್ನೂ ದಾಖಲು ಮಾಡಲ್ಲ."

"ನಿಮ್ಮ ತಮ್ಮನನ್ನೂ ಬಿಟ್ಟಿಲ್ಲ."

"ತಮ್ಮ ಆದ್ರೇನು?"

"ಇವರೊಬ್ಬರನ್ನ ಮಾತ್ರ ಕೇಳಿಲ್ಲ. ಯಾಕೆ?"

ಫ್ಯಾನು ತಿರುಗುತ್ತಿತ್ತು. ಅವನು ಕನ್ನಡಕ ತೆಗೆದ.

"ಸತ್ತವರನ್ನ ಏನಂತ ಕೇಳಲಿ ಮೇಡಂ?"



ಕೆಳಗಿನ ಟೈಲರನ್ನೂ ಎದುರುಮನೆಯವರನ್ನೂ ಪಂಚರಾಗಿ ಕರೆದು, ಪಂಚನಾಮೆ ಬರೆದು, ಲ್ಯಾಪ್‌ಟಾಪ್ ವಶಪಡಿಸಿಕೊಂಡರು. ಒಪ್ಪಿಗೆ ಅದರಿಂದಲೇ ಹೋಗಿತ್ತೆಂದು ಸೈಬರ್ ವಿಭಾಗ ಖಚಿತಪಡಿಸಿತು. ‘ನಾನು ಏಳೋವರೆಗೆ ನೋಡ್ಕೋ’ ಎಂದು ಆಸ್ಪತ್ರೆಯಿಂದ ಗೆಳೆಯನೇ ತನ್ನ ಖಾತೆಯ ಪಾಸ್‌ವರ್ಡ್ ಕಳಿಸಿದ್ದ. ಗೆಳೆಯ ಏಳಲಿಲ್ಲ. ಮಂಗಳವಾರ ಇವನ ಬಂಧನವಾಯಿತು.

"ಕಂಪನಿ ಏನು ಕೊಡ್ತೀನಂತು?"

"ನನಗೇನಿಲ್ಲ. ಇದನ್ನ ನೋಡ್ಕೊಳ್ಳೋಕೆ ನಾಲ್ಕು ಜನಾನ ಹಾಕ್ತೀವಿ ಅಂದ್ರು. ಅಷ್ಟು ಸಾಕಿತ್ತು ಮೇಡಂ. ಅವನು ಮಲಗಿದ ಮೇಲೆ ನಾನೊಬ್ಬನೇ. ಬೆಳಗಾದ್ರೆ ಮೇಲ್: ನಿಂತ್ಹೋಗಿದೆ, ಬೇಗ ಮಾಡಿ, ಕತ್ತೆ ಕಾಯ್ತಿದೀರಾ? ಬಿಟ್ಟು ಹೋಗೋಣ ಅಂದ್ರೆ ಅಷ್ಟು ಮಕ್ಕಳ ಮಾತು. ಸಾಕಾಗಿ ಹೋಗಿತ್ತು."

"ಅವರ ಭಾಗ ತೆಗೆದು ನೀವೇ ಬರೀಬಹುದಿತ್ತಲ್ಲ?"

"ಅಳಿಸೋಕೆ ಕೂತೆ. ಎಷ್ಟು ಸಲ ಕೂತೆನೋ. ಕೈ ಬರ್ಲಿಲ್ಲ. ಅವನದು ಅಂತ ನನ್ನ ಹತ್ರ ಇರೋದು ಅದೊಂದೇ."

ಬುಧವಾರ ಕಂಪನಿ ಹಿಂದೆ ಸರಿಯಿತು. ಹಳೆಯ ಲೈಸೆನ್ಸೇ ಉಳಿಯಿತು. ಸುದ್ದಿ ತಿಳಿಯಲು ಬಂದ ಹೆಂಗಸಿಗೆ ಇನ್ಸ್‌ಪೆಕ್ಟರ್ ಅವನ ಹೇಳಿಕೆಯ ಸಾರಾಂಶ ಹೇಳಿದರು. ಕೇಳುತ್ತ ಕೇಳುತ್ತ ಅವಳು ಕುರ್ಚಿ ಎಳೆದು ಕೂತಳು.

"ಕತ್ತೆ ಕಾಯ್ತಿದೀರಾ ಅಂತ ಬರೆದಿದ್ದು ನಾನೇ. ನಮ್ಮನೆಯವರು ಆಸ್ಪತ್ರೆಯಲ್ಲಿದ್ರು, ಇವಳ ಟ್ಯಾಬ್ ನಿಂತುಹೋಗಿತ್ತು, ಏನು ಬೇಕು ಅಂತ ಹೇಳೋಕಾಗದೆ ಒಂದೇ ಸಮ ಅಳ್ತಿದ್ಲು. ಮಾರನೇ ದಿನ ಸರಿಮಾಡಿ ಕಳಿಸಿದ್ರು. ಅದು ಯಾರು ಅಂತಲೂ ನಾನು ನೋಡಲಿಲ್ಲ."

"ದೂರು ವಾಪಸ್ ತಗೋಬೇಕಾ?" ಎಂದ ರೇಡಿಯೊ.

"ಇಲ್ಲ. ತಪ್ಪು ತಪ್ಪೇ. ಐದು ನಿಮಿಷ ನೋಡಬಹುದಾ ಅವರನ್ನ?"

ಇನ್ಸ್‌ಪೆಕ್ಟರ್ ತಲೆಯಾಡಿಸಿದರು. ಲಾಕಪ್ಪಿನ ಕಂಬಿಯಾಚೆ ಅವನು ಎದ್ದು ನಿಂತ.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ಬೇಡ ಅಂತಿದ್ರಿ ಅತ್ತಿಗೆ."

"ಹೂಂ, ಅಂತಿದ್ದೆ. ಆಮೇಲೆ ಊಟ ಆಯ್ತಾ ಅಂತಲೂ ಕೇಳ್ತಿದ್ದೆ."

ಅವನು ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ.