ಮೂರು ಮಹಡಿ ಹತ್ತಿ ಬಂದ ಸುದ್ದಿ

ಕೋಪ ಬಂದರೆ ನನಗೆ ಊಟ ಸೇರುವುದಿಲ್ಲ. ಈ ಎಲೆಕ್ಟ್ರಿಷಿಯನ್ ದೆಸೆಯಿಂದ ಮೂರು ತಿಂಗಳಲ್ಲಿ ನಾಲ್ಕು ಕೆಜಿ ಇಳಿದಿದ್ದೆ.

ನಾವು ಕಟ್ಟುತ್ತಿದ್ದದ್ದು ಆಸ್ಪತ್ರೆಯ ಮಕ್ಕಳ ವಾರ್ಡು. ಯಾವ ಕೆಲಸ ಯಾವಾಗ, ಯಾರದು ಎಂದು ಗೊತ್ತುಮಾಡುವುದು ನನ್ನ ಪಾಲು. ನನ್ನ ನಿಯಮ ಸರಳ. ಒಂದು ಕೆಲಸಕ್ಕೆ ಒಬ್ಬರ ಹೆಸರು, ಒಂದು ತಾರೀಖು; ಏನಾದರೂ ಬದಲಾದರೆ ಅದೇ ದಿನ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಪ್ಲಂಬರ್ ಹಾಕುತ್ತಿದ್ದ, ಬಡಗಿ ಹಾಕುತ್ತಿದ್ದ, ಓದು ಬಾರದ ಪೇಂಟರ್ ಮೇಸ್ತ್ರಿ ಕೂಡ ವಾಯ್ಸ್ ಮೆಸೇಜ್ ಹಾಕುತ್ತಿದ್ದರು. ಊರಿಗೆ ಒಂದು ದಾರಿಯಾದರೆ ಎಡವಟ್ಟನಿಗೆ ಒಂದು ದಾರಿ. ಎಲೆಕ್ಟ್ರಿಷಿಯನ್ ಮಾತ್ರ ಮೂರು ಮಹಡಿ ಹತ್ತಿ ನನ್ನ ಟೇಬಲ್ಲಿಗೇ ಬರುತ್ತಿದ್ದ.

ಒಂದು ಸ್ವಿಚ್ಚಿನ ಜಾಗ ಬದಲಾದರೂ ಬರುತ್ತಿದ್ದ. ಬಾಗಿಲಲ್ಲಿ ನಿಂತು, ಕೂದಲಲ್ಲಿನ ಸಿಮೆಂಟ್ ಧೂಳು ಕೊಡವಿಕೊಂಡು, "ಮೇಡಂ, ಒಂದು ನಿಮಿಷ" ಎನ್ನುತ್ತಿದ್ದ. ಆ ನಿಮಿಷ ಇಪ್ಪತ್ತಾಗುತ್ತಿತ್ತು. ಗ್ರೂಪಿಗೆ ಹಾಕಿ ಎಂದು ಎಷ್ಟು ಬೈದರೂ ಕೋಣನ ಮುಂದೆ ಕಿನ್ನರಿ. ಸುಮ್ಮನೆ ನಗುತ್ತಿದ್ದ. ಆ ನಗು ಚೆನ್ನಾಗಿತ್ತು, ಅದೇ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

ಬುಧವಾರ, ಗುರುವಾರ ನಾನು ರಜೆ ಹಾಕಿದ್ದೆ. ಬುಧವಾರವೇ ಡಾಕ್ಟರು ಆರು ಮಂಚಗಳ ತಲೆದೆಸೆಯ ಪ್ಲಗ್ ಪಾಯಿಂಟುಗಳನ್ನು ಒಂದಡಿ ಮೇಲಕ್ಕೆ ಹಾಕಲು ಹೇಳಿದರಂತೆ. ಇವನು ಹತ್ತಿ ಬಂದು, ನನ್ನ ಖಾಲಿ ಕುರ್ಚಿ ನೋಡಿ, ಸುದ್ದಿ ಸಮೇತ ಇಳಿದುಹೋದ. ಇನ್ಯಾರಿಗೂ ಹೇಳಲಿಲ್ಲ. ಗುರುವಾರ ಪೇಂಟರ್ ಮೇಸ್ತ್ರಿ ಅದೇ ಗೋಡೆಗೆ ಬಣ್ಣದ ಕೊನೆಯ ಕೋಟ್ ಹೊಡೆದರು. ಶುಕ್ರವಾರ ಬೆಳಿಗ್ಗೆ ನಾನು ಬರುವಷ್ಟರಲ್ಲಿ ಇವನು ಅದನ್ನು ಕೊರೆಯುತ್ತಿದ್ದ.

"ಅಮ್ಮಾ, ಇವನಿರೋ ಕಡೆ ನಾನಿರಲ್ಲ" ಎಂದು ಮೇಸ್ತ್ರಿ ಬ್ರಷ್ ಕೆಳಗಿಟ್ಟು ಹೊರಟೇಬಿಟ್ಟರು. ಸೋಮವಾರ ವಾರ್ಡು ಒಪ್ಪಿಸಬೇಕು. ಹಳೆಯ ಕಟ್ಟಡದಲ್ಲಿ ಮಕ್ಕಳು ವರಾಂಡದಲ್ಲಿ ಮಲಗಿದ್ದರು. ಒಮ್ಮೆ ತಾರೀಖು ತಪ್ಪಿಸಿ ಅವರ ತಾಯಂದಿರ ಮುಖ ನೋಡಿದ್ದೆ. ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ.

ಅವನನ್ನು ಆ ಗೋಡೆಯ ಮುಂದೆಯೇ ನಿಲ್ಲಿಸಿ ಮೂರು ತಿಂಗಳದ್ದನ್ನೆಲ್ಲ ಸೇರಿಸಿ ಬೈದೆ. ಕೊನೆಗೆ ಕೇಳಿದೆ, "ಎರಡು ಸಾಲು ಟೈಪ್ ಮಾಡೋಕೆ ನಿಮಗೇನ್ರೀ ಕಷ್ಟ?"

ಈ ಸಲ ಅವನು ನಗಲಿಲ್ಲ. "ಕಷ್ಟ ಏನಿಲ್ಲ ಮೇಡಂ. ಗ್ರೂಪಲ್ಲಿ ಹಾಕಿಬಿಟ್ರೆ, ನಿಮ್ಮ ಹತ್ರ ಬರೋಕೆ ನಂಗೆ ಏನಿರುತ್ತೆ?"

ಮೂರು ತಿಂಗಳ ಸ್ವಿಚ್ಚುಗಳೆಲ್ಲ ಒಮ್ಮೆಗೇ ಅರ್ಥವಾದವು. ಕೆನ್ನೆ ಬಿಸಿಯಾಯಿತು, ಸಿಟ್ಟೂ ಇಳಿಯಲಿಲ್ಲ. ಇವನನ್ನು ಪ್ರೀತಿಸುತ್ತಿದ್ದೇನೆ ಎಂದು ನನಗೆ ತಿಳಿದದ್ದು, ಇವನ ಕತ್ತು ಹಿಸುಕಬೇಕು ಅನ್ನಿಸಿದ ಗಳಿಗೆಯಲ್ಲಿ.

ಅದೇನೇ ಇರಲಿ, ಮೊದಲು ಗೋಡೆ. ಮೇಸ್ತ್ರಿಯ ಮನೆಗೆ ಅವನನ್ನೇ ಕಳಿಸಿದೆ. ಕೈಮುಗಿದು ಕರೆತಂದ. ಶನಿವಾರ, ಭಾನುವಾರ ಇಬ್ಬರೂ ಸೇರಿ ಗೋಡೆ ಕೊರೆದ ಜಾಗ ತುಂಬಿ, ಉಜ್ಜಿ, ಬಣ್ಣ ಹೊಡೆದರು. ಗಂಟೆಗೊಮ್ಮೆ ಅವನ ಮೆಸೇಜ್ ಗ್ರೂಪಿಗೆ ಬಂತು. ಸೋಮವಾರ ಮಕ್ಕಳು ಹೊಸ ವಾರ್ಡಿಗೆ ಬಂದರು.

ಅಂದು ಸಂಜೆ ಅವನು ನನ್ನ ಬಾಗಿಲ ಹೊರಗೆ ನಿಂತಿದ್ದ. ಒಳಗೆ ಕಾಲಿಡಲು ಹಿಂದೆಮುಂದೆ ನೋಡುತ್ತಿದ್ದ.

"ಏನು ವಿಷಯ?" ಎಂದೆ.

"ಏನೂ ಇಲ್ಲ ಮೇಡಂ. ಎಲ್ಲಾ ಗ್ರೂಪಲ್ಲಿ ಹಾಕಿದೀನಿ."

ಎದುರಿನ ಕುರ್ಚಿಯನ್ನು ಅವನತ್ತ ತಳ್ಳಿದೆ.

"ಹಾಗಾದ್ರೆ ಕೂತ್ಕೊಳ್ಳಿ. ವಿಷಯ ಇಲ್ದೆ ಬರೋಕೆ ಮೂರು ತಿಂಗಳು ಬೇಕಾಯ್ತಾ ನಿಮಗೆ?"