ತಾಪಮಾಪಕ: ಇದೆ

೧೯೮೭ರ ಆಷಾಢದ ಒಂದು ಬೆಳಿಗ್ಗೆ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನು, ತಿಪಟೂರಿನ ಕೊಬ್ಬರಿ ವ್ಯಾಪಾರಿ ಬೆಟ್ಟಸ್ವಾಮಿಯವರ ಹೊಸ ಕಂಪ್ಯೂಟರಿಗೆ, ಲೆಕ್ಕ ಇಡಲು ಮತ್ತು ಕೊಬ್ಬರಿ ಅಟ್ಟದ ಬಿಸಿ ಅಳೆಯಲು, ಪ್ರೋಗ್ರಾಂ ಹಾಕುತ್ತಿದ್ದೆ. ಕಂಪೈಲ್ ಆಗುವ, ಅಂದರೆ ಯಂತ್ರದ ಭಾಷೆಗೆ ಇಳಿಯುವ ಮೊದಲು ಅದು ಯಂತ್ರಕ್ಕೆ ಏನೇನು ಜೋಡಿಸಿದೆ ಎಂದು ತಾನೇ ತಪಾಸಣೆ ಮಾಡಿ, ಇಲ್ಲದ್ದನ್ನು ಬಿಟ್ಟುಬಿಡುತ್ತಿತ್ತು. ಪ್ರಿಂಟರ್: ಇಲ್ಲ. ಅಟ್ಟದ ತಾಪಮಾಪಕ: ಇದೆ.

ಯಂತ್ರಕ್ಕೆ ಜೋಡಿಸುವ ತಾಪಮಾಪಕವನ್ನು ಅವರು ಇನ್ನೂ ಕೊಂಡೇ ಇರಲಿಲ್ಲ. ಮೂರು ಸಲ ತಪಾಸಣೆ ಮಾಡಿಸಿದರೂ ಅದೇ ಉತ್ತರ. ಪ್ರೋಗ್ರಾಂ ಓಡಿಸಿದಾಗ ಪರದೆ ಮೂವತ್ತೇಳು ಡಿಗ್ರಿ ತೋರಿಸಿತು. ಅಟ್ಟದ ಗೋಡೆಯಲ್ಲಿ ಏಣಿಯ ಬುಡದಿಂದಲೇ ಕಾಣುತ್ತಿದ್ದ ಮಾಮೂಲಿ ಥರ್ಮಾಮೀಟರಿನಲ್ಲಿ ಇಪ್ಪತ್ನಾಲ್ಕು.

ಬೆಟ್ಟಸ್ವಾಮಿ ಕಾಯಿ ಒಣಗಿಸಲು ಅಟ್ಟದ ಕೆಳಗೆ ಬೆಂಕಿ ಹೊತ್ತಿಸುವುದರಲ್ಲಿದ್ದರು.

"ತಡೀರಿ. ಇದು ಮೈ ಬಿಸಿ. ಮೇಲೆ ಯಾರೋ ಇರಬಹುದು," ಎಂದೆ.

"ಕಾಯಿ ಬಿಟ್ರೆ ಇನ್ಯಾರಿದ್ದಾರು ಮೇಷ್ಟ್ರೇ? ಹೊಗೆ ಹಾಕ್ದಿದ್ರೆ ವರ್ಷದ ಕೊಬ್ರಿನೆಲ್ಲ ಬೂಷ್ಟು ತಿಂದ್ಬುಡ್ತದೆ ಕಣ್ರೀ," ಎಂದು ನಕ್ಕರು. ಆದರೂ ನನ್ನ ಸಮಾಧಾನಕ್ಕೆಂದು ಜೊತೆಗೆ ಹತ್ತಿ ಬಂದರು. ಮೂಲೆಮೂಲೆ ನೋಡಿದೆವು, ಯಾರೂ ಇರಲಿಲ್ಲ. ಮನೆಮಂದಿಯೆಲ್ಲ ಅಂಗಳದಲ್ಲಿದ್ದರು. ಕೊನೆಗೆ ನಾನೇ "ಸರಿ, ಹೊತ್ತಿಸಿ" ಎಂದೆ.

ಹೊಗೆ ಏರಿದಂತೆ ಗೋಡೆಯ ಥರ್ಮಾಮೀಟರ್ ನಲವತ್ತು ದಾಟಿತು. ಪರದೆಯ ಅಂಕಿ ಮಾತ್ರ, ಜೀವ ಹೋದ ಮೈ ಆರುವ ಹಾಗೆ, ಗಂಟೆಗೆ ಒಂದು ಡಿಗ್ರಿಯಂತೆ ಇಳಿಯತೊಡಗಿತು. ಸಂಜೆ ನಾನು ಹೊರಡುವಾಗಲೂ ಇಳಿಯುತ್ತಲೇ ಇತ್ತು.