ಹಕ್ಕಿಯ ರೆಕ್ಕೆ ಹಿಡಿದ ಕೈ

"ಆ ಕೈನ ಯಾಕ್ರೀ ಅಳಿಸಿದ್ರಿ?"

ಫೋಟೋ ಸ್ಟುಡಿಯೋದ ಬಾಗಿಲು ತಳ್ಳಿಕೊಂಡು ಬಂದವನು ಕೂರಲೂ ಇಲ್ಲ. ಜೇಬಿನಲ್ಲಿ ಸ್ಪ್ಯಾನರ್, ಬೆರಳಲ್ಲಿ ಗ್ರೀಸು. ಕಂಪ್ಯೂಟರ್ ಮುಂದೆ ಕೂತಿದ್ದ ಅವಳು ಮೌಸ್ ಬಿಟ್ಟು ಎದ್ದಳು. 'ಅಯ್ಯೋ... ಬೋಲ್ಟು!'

ಹಳೆಯ ಸಿನಿಮಾ ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ಅವನ ಹೆಸರು ಬೋಲ್ಟು, ಅವಳದು ಕತ್ತರಿ. ಲಿಫ್ಟ್ ರಿಪೇರಿ ಮಾಡುವ ಅವನೂ, ಮದುವೆ ಫೋಟೋಗಳಲ್ಲಿ ಮೊಡವೆ ಅಳಿಸುವ ಅವಳೂ ಐದು ತಿಂಗಳಿಂದ ಒಂದು ಹಳೆಯ ಮಾಯಾಜಾಲದ ಚಿತ್ರವನ್ನು ಬರೀ ಪ್ರೀತಿಗೆ ತಿದ್ದಿ ಜೋಡಿಸುತ್ತಿದ್ದರು. ದಿನವೂ ಮೆಸೇಜು. ಅವಳ ಸ್ಟುಡಿಯೋ ಎಲ್ಲಿದೆಯೆಂದು ಅವನಿಗೆ ಗೊತ್ತಿತ್ತು, ಮುಖ ಮಾತ್ರ ನೋಡಿರಲಿಲ್ಲ. ಅವನ ಒಂದು 'ಭಲೇ ಕತ್ತರಿ!'ಗೆ ಅವಳು ದಿನವಿಡೀ ಹಿಗ್ಗುತ್ತಿದ್ದಳು. ಅದನ್ನೆಲ್ಲ ಅವನಿಗೆ ಹೇಳುವುದುಂಟೇ?

ನಿನ್ನೆ ಅವನನ್ನು ಅಚ್ಚರಿಗೊಳಿಸಲೆಂದೇ ಒಂದು ಶಾಟ್ ಕಳಿಸಿದ್ದಳು. ನಾಯಕಿ ದೊಡ್ಡ ಹಕ್ಕಿಯ ಮೇಲೆ ಹಾರುವ ಆರು ಸೆಕೆಂಡು. ಹಕ್ಕಿಗೆ ಕಟ್ಟಿದ ಹಗ್ಗವನ್ನೂ ಅಂಚಿನಲ್ಲಿದ್ದ ಯಾರದೋ ಕೈಯನ್ನೂ ಒಂದೊಂದೇ ಫ್ರೇಮಿನಲ್ಲಿ ಅಳಿಸಿದ್ದಳು.

"ಅದು ತಪ್ಪು. ತಪ್ಪು ಅಳಿಸೋದು ತಾನೇ ನಮ್ಮ ಕೆಲಸ?"

"ತಪ್ಪಲ್ಲ ರೀ, ನಮ್ಮಪ್ಪ!" ಅವನು ದನಿ ಏರಿಸಿದ. "ಹಗ್ಗ ಎಳೀತಿದ್ದೋರು. ಇಡೀ ಸಿನಿಮಾದಲ್ಲಿ ಅವರು ಕಾಣೋದು ಅದೊಂದೇ ಕಡೆ. ಹೆಸರೂ ಹಾಕಿಲ್ಲ."

"ಒಂದು ಮಾತು ಹೇಳಬಾರದಿತ್ತಾ?"

"ನಿಮ್ಮನ್ನ ಮನೆಗೆ ಕರೆದು, ಅವರ ಪಕ್ಕ ಕೂರಿಸಿ ತೋರಿಸೋಣ ಅಂತಿದ್ದೆ... ಬಿಡಿ."

ಅವನು ಹೊರಟೇ ಹೋದ. ಅವಳಿಗೆ ಅಳು ಉಕ್ಕಿ ಬಂತು. ಮೂಲ ಶಾಟ್ ತೆರೆದು ನಿಧಾನವಾಗಿ ನೋಡಿದಳು. ಹಗ್ಗ ಜಾರುತ್ತದೆ. ಹಕ್ಕಿ ವಾಲುತ್ತದೆ. ನಾಯಕಿಯ ಮುಖದಲ್ಲಿರುವುದು ನಟನೆಯಲ್ಲ, ನಿಜವಾದ ಭಯ! ಅಷ್ಟರಲ್ಲಿ ಅಂಚಿನಿಂದ ಆ ಕೈ ನುಗ್ಗಿ ರೆಕ್ಕೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ.

'ಬೀಳುವವಳನ್ನು ಹಿಡಿದ ಕೈ... ಅಷ್ಟು ಹೊತ್ತು ಕೂತು ಅಳಿಸಿದೆ, ಒಂದು ಸಲವೂ ನೋಡಲಿಲ್ಲವಲ್ಲ ನಾನು!'

ವಿಳಾಸ ಕೇಳಿ ಮೆಸೇಜು ಹಾಕಿದಳು. ವಿಳಾಸ ಬಂತು, ಅಷ್ಟೇ. ಭಲೇ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಅವುಚಿಕೊಂಡು ಮೂರು ಮಹಡಿ ಹತ್ತಿದಳು. ಲಿಫ್ಟ್ ರಿಪೇರಿಯವನ ಮನೆಗೆ ಲಿಫ್ಟೇ ಇರಲಿಲ್ಲ!

ಅವನ ಅಪ್ಪ ಕನ್ನಡಕ ಏರಿಸಿ ಆ ಶಾಟ್ ನೋಡಿದರು. ಹಗ್ಗ ಮಾಯವಾಗಿತ್ತು. ಕೈ ಮಾತ್ರ ಹಾಗೇ ಇತ್ತು. ತೋಳು ಮುಗಿಯುವಲ್ಲಿ ಅವಳು ಒಂದು ಮೋಡ ಕೂರಿಸಿದ್ದಳು. ಮೋಡದೊಳಗಿಂದ ಯಾರೋ ಹಕ್ಕಿಯನ್ನು ಕಾಪಾಡಿದಂತಿತ್ತು. ಕೊನೆಯಲ್ಲಿ 'ಹಕ್ಕಿ ಹಾರಿಸಿದವರು' ಎಂದು ಬರೆದು, ಮುಂದೆ ಜಾಗ ಬಿಟ್ಟಿದ್ದಳು.

"ನಿಮ್ಮ ಹೆಸರು ಹೇಳಿ, ಈಗಲೇ ಹಾಕ್ತೀನಿ."

ಮುದುಕರ ಕಣ್ಣು ತುಂಬಿತು. ಹೆಸರು ಹೇಳಿ ನಕ್ಕರು. "ಆ ಹಗ್ಗ ನೋಡಿದಾಗೆಲ್ಲ ನಂಗೂ ನಾಚಿಕೆ ಆಗ್ತಿತ್ತಮ್ಮ, ಹೋಗಿದ್ದೇ ಒಳ್ಳೇದಾಯ್ತು! ಇವನು ಐದು ತಿಂಗಳಿಂದ ಕತ್ತರಿ ಕತ್ತರಿ ಅಂತ ತಲೆ ತಿಂದಿದಾನೆ. ಯಾರೋ ಟೈಲರ್ ಅಂದ್ಕೊಂಡಿದ್ದೆ!"

"ಅಪ್ಪಾ..." ಅವನ ಕಿವಿ ಕೆಂಪಾಯಿತು.

ಮೆಟ್ಟಿಲವರೆಗೆ ಕಳಿಸಲು ಬಂದವನು ತಲೆ ತಗ್ಗಿಸಿ ನಿಂತ.

"ಅವತ್ತು ಕೂಗಾಡಿಬಿಟ್ಟೆ. ನೀವು ಇನ್ನು ಮೆಸೇಜೇ ಮಾಡಲ್ಲ ಅಂತ ಹೆದರಿದ್ದೆ."

"ನಾನೂ ಅಷ್ಟೇ... ಇನ್ನೂ ಅರವತ್ತು ಶಾಟ್ ಬಾಕಿ ಇದೆ."

"ಅದೆಲ್ಲ ಮುಗಿದ ಮೇಲೂ ನೀವು ಬೇಕು, ಕತ್ತರಿ."

ಅವಳು ಅವನ ಕೈ ಹಿಡಿದಳು.

"ಅಯ್ಯೋ, ಗ್ರೀಸಿದೆ ರೀ!"

"ಇರಲಿ ಬಿಡಿ... ಇದನ್ನ ಅಳಿಸಲ್ಲ."